ಅಗ್ಗದ ಮಾನಿಟರ್: ಉಳಿದ ದುಡ್ಡು ಎಲ್ಲಿಂದ ಬಂತು?

ಸೆಕೆಂಡ್ ಇಯರ್‌ಗೆ ಬಂದ ಮೇಲೆ ನಮ್ಮಲ್ಲಿ ತುಂಬ ಜನ ಲ್ಯಾಪ್‌ಟಾಪ್ ಪಕ್ಕಕ್ಕೆ ಇನ್ನೊಂದು ಮಾನಿಟರ್ ಹುಡುಕೋಕೆ ಶುರು ಮಾಡ್ತಾರೆ. ಒಂದು ಕಡೆ ಕೋಡ್, ಇನ್ನೊಂದು ಕಡೆ ಡೇಟಾಶೀಟ್ ಇಟ್ಟುಕೊಂಡು ಕೆಲಸ ಮಾಡಿ ಅಭ್ಯಾಸ ಆದರೆ 15 ಇಂಚಿನ ಸ್ಕ್ರೀನ್ ಸಾಕಾಗೋದಿಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಅಂತ ಬರೆದದ್ದು ಏಳು ಸಾವಿರಕ್ಕೂ ಉಂಟು, ಹದಿನೈದು ಸಾವಿರಕ್ಕೂ ಉಂಟು. ಬಾಕ್ಸ್ ಮೇಲಿನ ಬರಹ ಎರಡರದ್ದೂ ಹೆಚ್ಚುಕಮ್ಮಿ ಒಂದೇ. ಹಾಗಾದ್ರೆ ಅಗ್ಗದ್ದರಲ್ಲಿ ಉಳಿದ ಆ ಏಳೆಂಟು ಸಾವಿರ ಎಲ್ಲಿಂದ ಬಂತು? ಈ ಲೇಖನ ಅದರ ಬಗ್ಗೆ.

ನಮ್ಮ ಮನೆ ಹಿರಿಯಡ್ಕದಲ್ಲಿ. ಚೀನಾದಿಂದ ಬಂದ ಇಂಥ ಒಂದು 24 ಇಂಚಿನ ಮಾನಿಟರ್ ಒಂದು ವರ್ಷದಿಂದ ಮನೆಯಲ್ಲಿ ಇದೆ. ಹೆಸರು ಬೇಡ, ಇದೇ ತರದ ಮಾನಿಟರ್ ನಾಲ್ಕಾರು ಹೆಸರಲ್ಲಿ ಸಿಗುತ್ತದೆ. ವಾರವಿಡೀ ಅಕ್ಕ ಅದರಲ್ಲಿ ಮದುವೆ ಕಾಗದ, ನೇಮದ ಬ್ಯಾನರ್ ಡಿಸೈನ್ ಮಾಡ್ತಾಳೆ. ರಜೆಯಲ್ಲಿ ಮನೆಗೆ ಹೋದಾಗ ನಾನು ಕೋಡ್ ಬರೀತೇನೆ. ನನಗೆ ಆ ಮಾನಿಟರ್ ಧಾರಾಳ ಸಾಕು. ಅಕ್ಕನಿಗೆ ಅದು ಒಂದು ಸಲ ಇನ್ನೂರು ಕಾಗದ ಮತ್ತೆ ಪ್ರಿಂಟ್ ಮಾಡಿಸುವ ಖರ್ಚು ತಂದಿಟ್ಟಿದೆ. ಒಂದೇ ಮಾನಿಟರ್ ಇಬ್ಬರಿಗೆ ಹೀಗೆ ಬೇರೆ ಬೇರೆ ಆದದ್ದು ಯಾಕೆ ಅಂತ ತಿಳಿಬೇಕಾದರೆ ಮೊದಲು ಅದರ ಒಳಗೆ ಏನಿದೆ ನೋಡಬೇಕು.

ಪ್ಯಾನೆಲ್ ಮತ್ತು ಉಳಿದದ್ದು

ಎಲ್‌ಸಿಡಿ ಮಾನಿಟರ್ ಅಂದ್ರೆ ಹಿಂದೆ ಒಂದು ಬಿಳಿ ಬೆಳಕು, ಮುಂದೆ ಲಕ್ಷಾಂತರ ಪುಟ್ಟ ಬಾಗಿಲು. ಹಿಂದಿನ ಬೆಳಕು ಎಲ್‌ಇಡಿಗಳದ್ದು. ಬಾಗಿಲಿನ ಕೆಲಸ ಲಿಕ್ವಿಡ್ ಕ್ರಿಸ್ಟಲ್‌ನದ್ದು. ವೋಲ್ಟೇಜ್ ಕೊಟ್ಟ ಹಾಗೆ ಅದು ತಿರುಗಿ ಬೆಳಕನ್ನು ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ಅದರ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್. ಫುಲ್ ಎಚ್‌ಡಿ ಅಂದ್ರೆ 1920 × 1080, ಅಂದರೆ 20,73,600 ಪಿಕ್ಸೆಲ್. ಒಂದೊಂದಕ್ಕೆ ಮೂರು ಸಬ್‌ಪಿಕ್ಸೆಲ್, ಒಟ್ಟು 62 ಲಕ್ಷಕ್ಕೂ ಹೆಚ್ಚು ಬಾಗಿಲು.

ಈ ಪ್ಯಾನೆಲ್ ಮಾಡುವ ಕಾರ್ಖಾನೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ: ಚೀನಾದ ಬಿಒಇ, ಸಿಎಸ್‌ಒಟಿ, ಎಚ್‌ಕೆಸಿ, ತೈವಾನಿನ ಎಯುಒ, ಇನೊಲಕ್ಸ್, ಕೊರಿಯಾದ ಎಲ್‌ಜಿ ಡಿಸ್‌ಪ್ಲೇ ಇತ್ಯಾದಿ. ಮಾನಿಟರ್ ಮೇಲೆ ಹೆಸರು ಹಾಕಿಕೊಳ್ಳುವ ಹೆಚ್ಚಿನ ಕಂಪನಿಗಳು ಪ್ಯಾನೆಲನ್ನು ಇವರಿಂದ ಕೊಳ್ಳುತ್ತವೆ. ಹಾಗಾಗಿ ಅಗ್ಗದ ಮಾನಿಟರ್ ಮತ್ತು ದುಬಾರಿ ಮಾನಿಟರ್ ಎರಡರಲ್ಲೂ ಒಂದೇ ಕಾರ್ಖಾನೆಯ ಪ್ಯಾನೆಲ್ ಇರಬಹುದು. ವ್ಯತ್ಯಾಸ ಎರಡು ಕಡೆ ಬರುತ್ತದೆ. ಒಂದು, ಆ ಪ್ಯಾನೆಲ್ ಯಾವ ಗ್ರೇಡ್‌ನದ್ದು ಅನ್ನೋದು. ಎರಡು, ಪ್ಯಾನೆಲ್ ಸುತ್ತ ಇರುವ ಉಳಿದ ಎಲ್ಲವೂ: ಕಂಟ್ರೋಲ್ ಬೋರ್ಡ್, ಪೋರ್ಟ್, ಸ್ಟ್ಯಾಂಡ್, ಅಡಾಪ್ಟರ್, ಟೆಸ್ಟಿಂಗ್, ವಾರಂಟಿ.

ಕೊರಿಯಾದಿಂದ ಬಂದ ಪಾಠ

ಇದಕ್ಕೆ ಒಂದು ಒಳ್ಳೆ ಉದಾಹರಣೆ 2012ರ ಹೊತ್ತಿಗೆ ನಡೆಯಿತು. ಆಗ ಆಪಲ್‌ನ 27 ಇಂಚಿನ ಡಿಸ್‌ಪ್ಲೇಗೆ 999 ಡಾಲರ್. ಅದರಲ್ಲಿ ಇದ್ದದ್ದು ಎಲ್‌ಜಿಯ 2560 × 1440 ಐಪಿಎಸ್ ಪ್ಯಾನೆಲ್. ಅದೇ ಬಗೆಯ ಪ್ಯಾನೆಲ್ ಹಾಕಿ ದಕ್ಷಿಣ ಕೊರಿಯಾದ ಸಣ್ಣ ಕಂಪನಿಗಳು ಯಮಕಾಸಿ ಕ್ಯಾಟ್‌ಲೀಪ್, ಅಚೀವಾ ಶಿಮಿಯಾನ್, ಕ್ರಾಸ್‌ಓವರ್ ಅನ್ನೋ ಹೆಸರಿನ ಮಾನಿಟರ್‌ಗಳನ್ನು ಸುಮಾರು 300 ಡಾಲರ್‌ಗೆ ಇಬೇ ಮೂಲಕ ಜಗತ್ತಿಗೆಲ್ಲ ಕಳಿಸಿದವು. ಮೂರರಲ್ಲಿ ಒಂದು ಪಾಲು ಬೆಲೆ!

ದುಡ್ಡು ಉಳಿದದ್ದು ಹೇಗೆ? ದೊಡ್ಡ ಕಂಪನಿಗಳ ಕಟ್ಟುನಿಟ್ಟಿಗೆ ಸ್ವಲ್ಪ ಕಡಿಮೆ ಬಿದ್ದ ಪ್ಯಾನೆಲ್‌ಗಳನ್ನು ಅವರು ತಗೊಂಡರು. ಹೆಚ್ಚಿನ ಮಾಡೆಲ್‌ನಲ್ಲಿ ಇದ್ದದ್ದು ಡ್ಯುಯಲ್ ಲಿಂಕ್ ಡಿವಿಐ ಅನ್ನೋ ಒಂದೇ ಪೋರ್ಟ್, ಎಚ್‌ಡಿಎಂಐ ಇಲ್ಲ. ಸ್ಕೇಲರ್ ಚಿಪ್ ಕೂಡ ಇಲ್ಲ. ಸ್ಕೇಲರ್ ಅಂದ್ರೆ ಬೇರೆ ರೆಸೊಲ್ಯೂಶನ್‌ನಲ್ಲಿ ಬಂದ ಚಿತ್ರವನ್ನು ಪ್ಯಾನೆಲ್‌ನ ಅಳತೆಗೆ ಹೊಂದಿಸುವ ಚಿಪ್. ಅದಿಲ್ಲದಿದ್ದರೆ ಮೆನುವೂ ಇಲ್ಲ, ಬ್ರೈಟ್‌ನೆಸ್‌ಗೆ ಎರಡು ಬಟನ್ ಅಷ್ಟೇ. ಡೆಡ್ ಪಿಕ್ಸೆಲ್ ಇಲ್ಲದ್ದೇ ಬೇಕು ಅಂದ್ರೆ ಮಾರುವವರು ಬೇರೆ ದುಡ್ಡು ಕೇಳ್ತಿದ್ದರು. ಆದರೂ ಸರಿಯಾದ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಚಿತ್ರ ಅದ್ಭುತವಾಗಿಯೇ ಬಂತು.

ಅಗ್ಗದ ಮಾನಿಟರ್ ಕೊಳ್ಳುವವರಿಗೆ ಇವತ್ತಿಗೂ ಪಾಠ ಇದೇ. ಬೆಲೆ ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಏನೋ ತೆಗೆದಿದ್ದಾರೆ. ತೆಗೆದದ್ದು ನಿಮಗೆ ಬೇಡದ್ದಾದರೆ ಲಾಭ, ಬೇಕಾದ್ದಾದರೆ ನಷ್ಟ.

ಅಕ್ಕನ ಮದುವೆ ಕಾಗದ ಹಳದಿಯಾದದ್ದು

ಮೊದಲು ತೆಗೆಯುವುದು ಬಣ್ಣದ ಹೊಂದಾಣಿಕೆಯನ್ನು. ಕಂಪ್ಯೂಟರಿನ ಬಣ್ಣಕ್ಕೆ ಎಸ್‌ಆರ್‌ಜಿಬಿ ಅಂತ ಒಂದು ಸ್ಟ್ಯಾಂಡರ್ಡ್ ಇದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು. ಅದರ ಪ್ರಕಾರ ಬಿಳಿ ಅಂದ್ರೆ ಸುಮಾರು 6500 ಕೆಲ್ವಿನ್. ದುಬಾರಿ ಮಾನಿಟರ್‌ನಲ್ಲಿ ಕಾರ್ಖಾನೆಯಲ್ಲೇ ಒಂದೊಂದನ್ನೂ ಅಳೆದು ಇದಕ್ಕೆ ಹತ್ತಿರ ತರುತ್ತಾರೆ. ಅಗ್ಗದ್ದರಲ್ಲಿ ಆ ಕೆಲಸಕ್ಕೆ ಸಮಯ ಇಲ್ಲ. ನಮ್ಮದು ಬಂದಾಗ ಬಿಳಿ ಪುಟಕ್ಕೆ ಉಜಾಲ ಹಾಕಿದ ಹಾಗೆ ನೀಲಿ ಛಾಯೆ ಇತ್ತು, ಬ್ರೈಟ್‌ನೆಸ್ 100ರಲ್ಲಿ ಇತ್ತು.

ಇದರಿಂದ ಏನಾಯ್ತು ನೋಡಿ. ಕೆನೆ ಬಣ್ಣದ ಹಿನ್ನೆಲೆ ಸ್ಕ್ರೀನ್ ಮೇಲೆ ತಣ್ಣಗೆ ಕಂಡಿತು ಅಂತ ಅಕ್ಕ ಸ್ವಲ್ಪ ಹಳದಿ ಸೇರಿಸಿದಳು. ಫೈಲ್‌ನಲ್ಲಿ ಬಣ್ಣ ಸರಿಯೇ ಇತ್ತು. ತಪ್ಪಿದ್ದು ತೋರಿಸುವ ಕಿಟಕಿ. ಪ್ರಿಂಟ್ ಆಗಿ ಬಂದಾಗ ಕಾಗದ ಅರಿಶಿನ ಮೆತ್ತಿದ ಹಾಗೆ ಇತ್ತು. ಮೇಲಿಂದ ಕುಂಕುಮದ ಕೆಂಪು ಕಪ್ಪಗೆ. ಕಪ್ಪಾದದ್ದಕ್ಕೆ ಕಾರಣ ಬ್ರೈಟ್‌ನೆಸ್. ಸ್ಕ್ರೀನ್ ಸ್ವತಃ ಬೆಳಗುತ್ತದೆ, ಕಾಗದ ಕೋಣೆಯ ಬೆಳಕನ್ನು ವಾಪಸ್ ಕೊಡುತ್ತದೆ ಅಷ್ಟೇ. ಸ್ಕ್ರೀನ್ ತುಂಬ ಪ್ರಕಾಶವಾಗಿದ್ದರೆ ಅಲ್ಲಿ ಸರಿ ಕಂಡ ಬಣ್ಣ ಕಾಗದದಲ್ಲಿ ಮಂಕು.

ಬಣ್ಣದ ವಿಷಯದಲ್ಲಿ ಇನ್ನೂ ಎರಡು ಸಂಖ್ಯೆ ನೋಡಬೇಕು. ಮೊದಲನೆಯದು ಗ್ಯಾಮಟ್. "45% ಎನ್‌ಟಿಎಸ್‌ಸಿ" ಅಂತ ಬರೆದಿದ್ದರೆ ಹುಷಾರು. ಎನ್‌ಟಿಎಸ್‌ಸಿ ಅನ್ನೋದು 1953ರ ಅಮೆರಿಕದ ಟಿವಿ ಸ್ಟ್ಯಾಂಡರ್ಡ್. 72% ಎನ್‌ಟಿಎಸ್‌ಸಿ ಅಂದ್ರೆ ಸುಮಾರು ಪೂರ್ತಿ ಎಸ್‌ಆರ್‌ಜಿಬಿ. 45% ಅಂದ್ರೆ ಅದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಮ್ಮಿ. ಅಂಥ ಸ್ಕ್ರೀನ್‌ನಲ್ಲಿ ಯಕ್ಷಗಾನದ ವಿಡಿಯೋ ನೋಡಿದರೆ ವೇಷದ ಕೆಂಪು ಇಟ್ಟಿಗೆ ಬಣ್ಣದ ಹಾಗೆ ಕಾಣುತ್ತದೆ. ಎರಡನೆಯದು ಬಿಟ್ ಡೆಪ್ತ್. 8 ಬಿಟ್ ಪ್ಯಾನೆಲ್‌ಗೆ ಒಂದು ಬಣ್ಣಕ್ಕೆ 256 ಮಟ್ಟ, ಒಟ್ಟು 1,67,77,216 ಬಣ್ಣ. 6 ಬಿಟ್‌ಗೆ 64 ಮಟ್ಟ, ಒಟ್ಟು 2,62,144 ಮಾತ್ರ. ಅಗ್ಗದ ಪ್ಯಾನೆಲ್ ಎಷ್ಟೋ ಸಲ 6 ಬಿಟ್ ಇದ್ದು, ಎರಡು ಹತ್ತಿರದ ಮಟ್ಟಗಳ ಮಧ್ಯೆ ಬೇಗಬೇಗ ಬದಲಾಯಿಸಿ ಕಣ್ಣಿಗೆ ನಡುವಿನ ಬಣ್ಣ ಇದ್ದ ಹಾಗೆ ಮಾಡುತ್ತದೆ. ಇದಕ್ಕೆ ಎಫ್‌ಆರ್‌ಸಿ ಅಂತಾರೆ. ಕೋಡ್ ಬರೆಯೋಕೆ ಏನೂ ತೊಂದರೆ ಇಲ್ಲ. ಸಂಜೆ ಆಕಾಶದ ಫೋಟೋದಲ್ಲಿ ಪಟ್ಟೆಪಟ್ಟೆ ಕಾಣಬಹುದು.

ಪರಿಹಾರ? ಬಣ್ಣ ಅಳೆಯುವ ಕಲರಿಮೀಟರ್‌ಗೆ ನಮ್ಮ ಮಾನಿಟರಿಗಿಂತ ಹೆಚ್ಚು ಬೆಲೆ. ಈಗ ನಾವು ಮಾಡುವುದು ಇಷ್ಟು: ಹಗಲು ಬೆಳಕಿನಲ್ಲಿ ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿದು, ಖಾಲಿ ಬಿಳಿ ಪುಟ ಆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸುವುದು. ಮೆನುವಿನಲ್ಲಿ ಬಣ್ಣದ 'ಯೂಸರ್' ಮೋಡ್‌ಗೆ ಹೋಗಿ ನೀಲಿಯನ್ನು ಕಮ್ಮಿ ಮಾಡುವುದು. ಆಮೇಲೆ ಒಂದೇ ಒಂದು ಕಾಪಿ ಪ್ರಿಂಟ್ ತೆಗೆಸಿ ಪಕ್ಕದಲ್ಲಿಟ್ಟು ನೋಡದೆ ಇನ್ನೂರಕ್ಕೆ ಆರ್ಡರ್ ಕೊಡಬಾರದು. ಪ್ರಿಂಟ್‌ನಲ್ಲಿ ಬಳಸುವ ಇಂಕ್‌ನ ಬಣ್ಣಗಳೇ ಬೇರೆ, ಆದ್ದರಿಂದ ಎಷ್ಟು ಒಳ್ಳೆ ಮಾನಿಟರ್ ಇದ್ದರೂ ಈ ಒಂದು ಕಾಪಿ ತಪ್ಪುವುದಿಲ್ಲ.

ದನವೋ ಧನವೋ

ಇದು ಕನ್ನಡ ಓದುವವರಿಗೆ ಇರುವ ಸಮಸ್ಯೆ, ರಿವ್ಯೂಗಳಲ್ಲಿ ಸಾಮಾನ್ಯವಾಗಿ ಹೇಳೋದಿಲ್ಲ. ಸ್ಕ್ರೀನ್ ದೊಡ್ಡದಾದಷ್ಟೂ ಒಳ್ಳೆಯದು ಅಂತ ಒಂದೆರಡು ಸಾವಿರ ಹೆಚ್ಚು ಕೊಟ್ಟು 27 ಇಂಚಿನ ಫುಲ್ ಎಚ್‌ಡಿ ತಗೊಳ್ಳುವವರು ಇದ್ದಾರೆ. ಲೆಕ್ಕ ಹಾಕಿ: 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್. 27 ಇಂಚಿನಲ್ಲಿ ಅಷ್ಟೇ ಪಿಕ್ಸೆಲ್ ಹರಡಿ ಸುಮಾರು 82ಕ್ಕೆ ಇಳಿಯುತ್ತದೆ. 27 ಇಂಚಿನ 1440ರದ್ದಾದರೆ ಸುಮಾರು 109.

ಇಂಗ್ಲಿಷ್ ಅಕ್ಷರಕ್ಕೆ 82 ಪಿಕ್ಸೆಲ್ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಅದರ ಕೆಳಗೆ ಇನ್ನೊಂದು ಒತ್ತು. 'ರಾಷ್ಟ್ರ', 'ಸ್ತ್ರೀ' ಬರೆದು ನೋಡಿ. 'ದ' ಮತ್ತು 'ಧ'ಕ್ಕೆ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಸಣ್ಣ ಫಾಂಟ್‌ನಲ್ಲಿ ಅದಕ್ಕೆ ಸಿಗುವುದು ಒಂದೋ ಎರಡೋ ಪಿಕ್ಸೆಲ್. ಪಿಕ್ಸೆಲ್ ದಪ್ಪ ಆದಷ್ಟೂ ಆ ಸೀಳು ಒಂದು ಚುಕ್ಕಿಯ ಹಾಗೆ ಕಂಡು 'ಧನ' ಹೋಗಿ 'ದನ' ಆಗುತ್ತದೆ. ಮದುವೆ ಕಾಗದದ ಪ್ರೂಫ್ ನೋಡುವವರಿಗೆ ಇದು ತಮಾಷೆ ಅಲ್ಲ. ಹಾಗಾಗಿ ಕನ್ನಡ ಓದೋಕೆ ಫುಲ್ ಎಚ್‌ಡಿ ಸಾಕು ಅಂತಿದ್ದರೆ 22 ಅಥವಾ 24 ಇಂಚಿನಲ್ಲೇ ನಿಲ್ಲಿ. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಸೆಟ್ಟಿಂಗ್ ಒಮ್ಮೆ ಓಡಿಸಿ. ಕೆಲವು ಅಗ್ಗದ ಪ್ಯಾನೆಲ್‌ಗಳಲ್ಲಿ ಸಬ್‌ಪಿಕ್ಸೆಲ್ ಕೆಂಪು-ಹಸಿರು-ನೀಲಿ ಬದಲು ಉಲ್ಟಾ ಇರುತ್ತದೆ. ಆಗ ಅಕ್ಷರದ ಅಂಚಿನಲ್ಲಿ ಬಣ್ಣ ಕಾಣುತ್ತದೆ, ಈ ಸೆಟ್ಟಿಂಗ್‌ನಿಂದ ಅದು ಸುಮಾರು ಸರಿಹೋಗುತ್ತದೆ.

ಬಾಕ್ಸ್ ಮೇಲಿನ ಮೂರು ದೊಡ್ಡ ಮಾತು

"100 ಹರ್ಟ್ಜ್" ಸಾಮಾನ್ಯವಾಗಿ ನಿಜ. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, 100ರಲ್ಲಿ 10. ಸ್ಕ್ರೋಲ್ ಮಾಡುವಾಗ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಯಾವ ಪೋರ್ಟ್‌ನಲ್ಲಿ ಅಂತ ನೋಡಿ. ಉದಾಹರಣೆಗೆ 2560 × 1440, 144 ಹರ್ಟ್ಜ್, ಪಿಕ್ಸೆಲ್‌ಗೆ 24 ಬಿಟ್: ಗುಣಿಸಿದರೆ ಸೆಕೆಂಡಿಗೆ 12.74 ಗಿಗಾಬಿಟ್. ಎಚ್‌ಡಿಎಂಐ 1.4ರಲ್ಲಿ ಡೇಟಾಗೆ ಸಿಗುವುದು 8.16 ಮಾತ್ರ, 2.0ರಲ್ಲಿ 14.4. ಮಾನಿಟರ್ 144 ಹರ್ಟ್ಜ್ ಇದ್ದು ಎಚ್‌ಡಿಎಂಐ ಪೋರ್ಟ್ 1.4 ಇದ್ದರೆ ಎಂತ ಪ್ರಯೋಜನ? ಪೂರ್ತಿ ವೇಗ ಡಿಸ್‌ಪ್ಲೇಪೋರ್ಟ್‌ನಲ್ಲಿ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಅದು ಉಂಟಾ ಅಂತ ಮೊದಲು ನೋಡಿಕೊಳ್ಳಿ.

"1 ಮಿಲಿಸೆಕೆಂಡ್" ಹೆಚ್ಚಾಗಿ ಅರ್ಧ ಸತ್ಯ. ಎಂಪಿಆರ್‌ಟಿ ಅಂತ ಪಕ್ಕದಲ್ಲಿ ಸಣ್ಣದಾಗಿ ಇದ್ದರೆ, ಅದು ಹಿಂದಿನ ಬೆಳಕನ್ನು ಬಿಟ್ಟುಬಿಟ್ಟು ಹಾಕಿ ಪಡೆದ ಸಂಖ್ಯೆ. ಆ ಮೋಡ್ ಹಾಕಿದರೆ ಸ್ಕ್ರೀನ್ ಮಂಕಾಗುತ್ತದೆ. ಪಿಕ್ಸೆಲ್ ನಿಜವಾಗಿ ಬದಲಾಗುವ ವೇಗ ಬೇರೆ.

"ಎಚ್‌ಡಿಆರ್" ಅನ್ನೋದನ್ನು ಈ ಬೆಲೆಯಲ್ಲಿ ಮರೆತುಬಿಡಿ. ಎಚ್‌ಡಿಆರ್ ಸಿಗ್ನಲ್ ಒಪ್ಪಿಕೊಳ್ಳುತ್ತದೆ ಅಂತ ಅರ್ಥವೇ ಹೊರತು ತೋರಿಸುತ್ತದೆ ಅಂತಲ್ಲ. ವೆಸಾ ಸಂಸ್ಥೆಯ ಅತ್ಯಂತ ಕೆಳಗಿನ ಡಿಸ್‌ಪ್ಲೇಎಚ್‌ಡಿಆರ್ ಸರ್ಟಿಫಿಕೇಟ್‌ಗೇ 400 ನಿಟ್ಸ್ ಬೇಕು; ಅಗ್ಗದ ಮಾನಿಟರ್ ಸಾಮಾನ್ಯವಾಗಿ 250ರ ಆಸುಪಾಸು.

ತಲೆನೋವಿನ ಕಾರಣ

ಇದನ್ನು ಮಾತ್ರ ಕಡೆಗಣಿಸಬೇಡಿ. ಬ್ರೈಟ್‌ನೆಸ್ ಇಳಿಸೋಕೆ ಎರಡು ದಾರಿ ಇದೆ. ಎಲ್‌ಇಡಿಗೆ ಹೋಗುವ ಕರೆಂಟನ್ನೇ ಕಮ್ಮಿ ಮಾಡೋದು ಒಂದು. ಎಲ್‌ಇಡಿಯನ್ನು ಬೇಗಬೇಗ ಆನ್-ಆಫ್ ಮಾಡಿ ಸರಾಸರಿ ಬೆಳಕು ಕಮ್ಮಿ ಮಾಡೋದು ಇನ್ನೊಂದು. ಅದೇ ನಾವು ಲ್ಯಾಬ್‌ನಲ್ಲಿ ಮೋಟರ್‌ಗೆ ಹಾಕುವ ಪಿಡಬ್ಲ್ಯುಎಂ. ಎರಡನೆಯದು ಮಾಡೋದು ಸುಲಭ. ಆದರೆ ಆನ್-ಆಫ್ ಸೆಕೆಂಡಿಗೆ ಇನ್ನೂರು ಸಲದ ಹತ್ತಿರ ಇದ್ದರೆ ಕೆಲವರಿಗೆ ಕಣ್ಣು ಉರಿ, ತಲೆನೋವು ಬರುತ್ತದೆ. ಮಿನುಗುವುದು ಕಣ್ಣಿಗೆ ನೇರವಾಗಿ ಕಾಣದ ಕಾರಣ, ಓದಿದ್ದು ಹೆಚ್ಚಾಯ್ತು ಅಂತ ನಾವು ಅಂದುಕೊಳ್ತೇವೆ.

ಟೆಸ್ಟ್ ಮಾಡೋಕೆ ಒಂದು ಪೆನ್ಸಿಲ್ ಸಾಕು. ಕತ್ತಲೆ ಕೋಣೆಯಲ್ಲಿ ಸ್ಕ್ರೀನ್ ತುಂಬ ಬಿಳಿ ಹಾಕಿ, ಬ್ರೈಟ್‌ನೆಸ್ 20ಕ್ಕೆ ಇಳಿಸಿ, ಮುಂದೆ ಪೆನ್ಸಿಲನ್ನು ಬೀಸಣಿಗೆಯ ಹಾಗೆ ಬೇಗ ಆಡಿಸಿ. ಒಂದೇ ಸಮನೆ ಮಸುಕು ಕಂಡರೆ ಒಳ್ಳೆಯದು. ನಾಲ್ಕೈದು ಬೇರೆ ಬೇರೆ ಪೆನ್ಸಿಲ್ ಕಂಡರೆ ಪಿಡಬ್ಲ್ಯುಎಂ ಇದೆ. ಫೋನ್ ಕ್ಯಾಮೆರಾದ ಪ್ರೋ ಮೋಡ್‌ನಲ್ಲಿ ಶಟರ್ 1/1000ಕ್ಕೆ ಇಟ್ಟು ನೋಡಿದರೂ ಕಪ್ಪು ಪಟ್ಟೆ ಸಿಗುತ್ತದೆ. ಹಾಗಿದ್ದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲೇ ಕೊಟ್ಟುಬಿಡಿ. ಬಣ್ಣವನ್ನು ಸೆಟ್ಟಿಂಗ್‌ನಲ್ಲಿ ಸರಿ ಮಾಡಬಹುದು, ಇದನ್ನು ಆಗೋದಿಲ್ಲ.

ಅದೇ ಕತ್ತಲೆಯಲ್ಲಿ ಪೂರ್ತಿ ಕಪ್ಪು ಚಿತ್ರ ಹಾಕಿ ಅಂಚುಗಳನ್ನೂ ನೋಡಿ. ಹಳೆ ಮನೆಯ ಹೆಂಚಿನ ಸಂದಿಯಿಂದ ಬೆಳಕು ಇಳಿದ ಹಾಗೆ ಮೂಲೆಯಲ್ಲಿ ಬೆಳಕು ಸೋರುತ್ತಿದ್ದರೆ ಅದು ಫ್ರೇಮ್ ಜೋಡಣೆಯ ದೋಷ. ಸ್ವಲ್ಪ ಇದ್ದೇ ಇರುತ್ತದೆ. ಹಗಲಿನಲ್ಲೂ ಕಂಡರೆ ಮಾತ್ರ ತಕರಾರು ಮಾಡಿ. ಡೆಡ್ ಪಿಕ್ಸೆಲ್ ಬಗ್ಗೆ ಹೇಳುವುದಾದರೆ, ತುಂಬ ಕಂಪನಿಗಳು ಒಪ್ಪುವ 'ಕ್ಲಾಸ್ 2' ಮಟ್ಟದಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ ಎರಡು, ಸದಾ ಕಪ್ಪಾಗಿರುವ ಎರಡು ಇದ್ದರೂ ಅದು ದೋಷ ಅಲ್ಲ. ಫುಲ್ ಎಚ್‌ಡಿಗೆ ಇದರ ಎರಡು ಪಟ್ಟು. ಹಾಗಾಗಿ ಒಂದು ಚುಕ್ಕಿ ಇದೆ ಅಂತ ವಾರಂಟಿ ಕೇಳಿದರೆ ಸಿಗೋದು ಕಷ್ಟ.

128 ಬೈಟ್‌ನ ಪರಿಚಯ ಪತ್ರ

ನಮ್ಮ ಮಾನಿಟರ್‌ನಲ್ಲಿ ಎಚ್‌ಡಿಎಂಐ ಹಾಕಿದಾಗ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತ್ತು. ಪ್ಯಾನೆಲ್ ಹಾಳಾಗಿರಲಿಲ್ಲ. ಮಾನಿಟರ್ ಕನೆಕ್ಟ್ ಆದ ಕೂಡಲೇ ತನ್ನ ಪರಿಚಯವನ್ನು ಇಡಿಐಡಿ ಅನ್ನೋ 128 ಬೈಟ್‌ನ ಬ್ಲಾಕ್‌ನಲ್ಲಿ ಕಂಪ್ಯೂಟರಿಗೆ ಹೇಳುತ್ತದೆ: ಯಾರು ಮಾಡಿದ್ದು, ಯಾವ ವರ್ಷ, ಎಷ್ಟು ದೊಡ್ಡದು, ಯಾವ ರೆಸೊಲ್ಯೂಶನ್. ಅಗ್ಗದ ಮಾನಿಟರ್‌ಗಳಲ್ಲಿ ಇದನ್ನು ಎಲ್ಲಿಂದಲೋ ಕಾಪಿ ಮಾಡಿ ಹಾಕಿರುವುದುಂಟು. ಕಂಪ್ಯೂಟರ್ ಇದು ಟಿವಿ ಅಂದುಕೊಂಡರೆ 0ರಿಂದ 255ರ ಬದಲು 16ರಿಂದ 235ರ ಒಳಗಿನ ಸಿಗ್ನಲ್ ಕಳಿಸುತ್ತದೆ. ಕಪ್ಪು ಪೂರ್ತಿ ಕಪ್ಪಾಗೋದಿಲ್ಲ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 'ಫುಲ್ ರೇಂಜ್' ಆರಿಸಿದರೆ ಮುಗೀತು. ಇಡಿಐಡಿ ಓದುವ ಟೂಲ್‌ಗಳು ಪುಕ್ಕಟೆ ಸಿಗುತ್ತವೆ. ಅದರ 18ನೇ ಬೈಟ್‌ಗೆ 1990 ಕೂಡಿಸಿದರೆ ತಯಾರಾದ ವರ್ಷ ಬರುತ್ತದೆ. 'ಹೊಸ ಮಾಡೆಲ್' ಎಷ್ಟು ಹಳೇದು ಅಂತ ಗೊತ್ತಾಗಿಬಿಡುತ್ತದೆ.

ಮಳೆ, ಗುಡುಗು, ಅಡಾಪ್ಟರ್

ಉಡುಪಿ ಕಡೆ ಮಳೆಗಾಲ ಹೇಗೆ ಅಂತ ನಿಮಗೆ ಗೊತ್ತು. ಅಗ್ಗದ ಮಾನಿಟರ್‌ನಲ್ಲಿ ಪ್ಯಾನೆಲ್‌ಗಿಂತ ಮೊದಲು ಹೋಗುವುದು ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರ್. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಎಚ್‌ಡಿಎಂಐ ವಯರ್ ಕೂಡ. ಬರಿಗಾಲಲ್ಲಿ ಕಾವಿ ನೆಲದ ಮೇಲೆ ನಿಂತು ಮಾನಿಟರ್‌ನ ಲೋಹದ ಭಾಗ ಮುಟ್ಟಿದರೆ ಜುಮ್ ಅನ್ನುತ್ತದಾ ನೋಡಿ. ಅರ್ತ್ ಇಲ್ಲದ ಎರಡು ಪಿನ್ ಅಡಾಪ್ಟರ್‌ಗಳಲ್ಲಿ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಸ್ವಲ್ಪ ಕರೆಂಟ್ ಹೀಗೆ ಸೋರುತ್ತದೆ. ಜೋರಾಗಿ ಹೊಡೆದರೆ ಆ ಅಡಾಪ್ಟರ್ ಬಳಸಲೇಬೇಡಿ. ಅದೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಅದೇ ಪೋಲಾರಿಟಿಯ ಒಳ್ಳೆ ಅಡಾಪ್ಟರ್ ಹಾಕಿ.

ಕೊಳ್ಳುವ ಮೊದಲು ಹಿಂಬದಿ ಓದಿ

ಮಾನಿಟರ್‌ಗಳಿಗೆ ನಮ್ಮ ದೇಶದಲ್ಲಿ ಬಿಐಎಸ್ ಕಡ್ಡಾಯ ನೋಂದಣಿ ಇದೆ. ಹಿಂಬದಿಯ ಲೇಬಲ್‌ನಲ್ಲಿ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಗೆ, ಯಾವ ಸರಕಿಗೆ ಕೊಟ್ಟದ್ದು ಅಂತ ಬರುತ್ತದೆ. 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ ಇಂಪೋರ್ಟ್ ಮಾಡಿದವರ ಹೆಸರು-ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ಕಂಪ್ಲೇಂಟ್‌ಗೆ ಸಂಪರ್ಕ ಪ್ಯಾಕ್ ಮೇಲೆ ಇರಲೇಬೇಕು. ಇವು ಇಲ್ಲದಿದ್ದರೆ ನಾಳೆ ಕೆಟ್ಟಾಗ ಕೇಳೋದು ಯಾರನ್ನ?

ವಾರಂಟಿ ಎಷ್ಟು ವರ್ಷ ಅನ್ನೋದಕ್ಕಿಂತ ಸರ್ವಿಸ್ ಎಲ್ಲಿ ಅನ್ನೋದು ದೊಡ್ಡ ಪ್ರಶ್ನೆ. ಮನೆಗೆ ಬಂದು ನೋಡ್ತಾರಾ, ಅಥವಾ ನಾವೇ ಹೊತ್ತುಕೊಂಡು ಹೋಗಬೇಕಾ? ಹಿರಿಯಡ್ಕದಿಂದ ಬೆಳಗ್ಗೆ ಉಡುಪಿ ಬಸ್ಸಿಗೆ 24 ಇಂಚಿನ ಬಾಕ್ಸ್ ಹತ್ತಿಸಿದರೆ ಕಂಡಕ್ಟರ್ ಏನು ಹೇಳ್ತಾರೆ ಅಂತ ನೀವೇ ಊಹಿಸಿ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಮೂರು ವರ್ಷದ ವಾರಂಟಿಯೂ ಕಾಗದದಲ್ಲಷ್ಟೇ. ಏನೇ ಇರಲಿ, ಬಾಕ್ಸ್ ಮತ್ತು ಥರ್ಮಾಕೋಲ್ ಅಟ್ಟದ ಮೇಲೆ ಜೋಪಾನ ಮಾಡಿ.

ಹಾಗಾದ್ರೆ ತಗೊಳ್ಳೋದಾ?

ಕೋಡ್, ನೋಟ್ಸ್, ಸರ್ಕ್ಯೂಟ್ ಸಿಮ್ಯುಲೇಶನ್, ಸಿನಿಮಾ, ಇಷ್ಟಕ್ಕೆ ಅಂತಾದರೆ ಧೈರ್ಯವಾಗಿ ತಗೊಳ್ಳಿ. 24 ಇಂಚು, ಐಪಿಎಸ್, ಗೋಡೆ ಅಥವಾ ಆರ್ಮ್‌ಗೆ ಹಾಕುವ ವೆಸಾ ತೂತು, ಬಿಐಎಸ್ ನಂಬರ್, ಹತ್ತು ದಿನದ ರಿಟರ್ನ್: ಈ ಐದು ಇದ್ದರೆ ಉಳಿದದ್ದನ್ನು ಸಂಭಾಳಿಸಬಹುದು. ಸ್ಟ್ಯಾಂಡ್ ಎತ್ತರ ಆಗೋದಿಲ್ಲವಾ, ಫಸ್ಟ್ ಇಯರ್ ಮ್ಯಾಥ್ಸ್ ಪುಸ್ತಕಗಳು ಇನ್ನು ಯಾವುದಕ್ಕೆ?

ನಿಮ್ಮ ಅಥವಾ ಮನೆಯವರ ಸಂಪಾದನೆ ಬಣ್ಣದ ಮೇಲೆ ನಿಂತಿದ್ದರೆ ಲೆಕ್ಕ ಬೇರೆ. ಅಲ್ಲಿ ಅಗ್ಗದ ಮಾನಿಟರ್‌ನ ಬೆಲೆ ಕೊಳ್ಳುವ ದಿನ ಮುಗಿಯೋದಿಲ್ಲ, ಒಂದೊಂದು ಪ್ರಿಂಟ್‌ನಲ್ಲೂ ಸ್ವಲ್ಪ ಸ್ವಲ್ಪ ಕೊಡುತ್ತಾ ಇರಬೇಕಾಗುತ್ತದೆ. ಅಂಥವರಿಗೆ ಇನ್ನೊಂದು ದಾರಿಯೂ ಇದೆ: ಆಫೀಸುಗಳಿಂದ ಬಂದ ಹಳೆ ಒಳ್ಳೆ ಮಾನಿಟರ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ, ನಮ್ಮ ಕಡೆಯ ರಿಪೇರಿ ಅಂಗಡಿಗಳಲ್ಲೂ ಸಿಗುತ್ತದೆ. 60 ಹರ್ಟ್ಜ್ ಅಷ್ಟೇ, ಬೆಳಕು ಸ್ವಲ್ಪ ಕುಂದಿರುತ್ತದೆ, ಆದರೆ ಸ್ಟ್ಯಾಂಡ್ ಗಟ್ಟಿ, ಬಣ್ಣ ಸ್ಥಿರ. ಆನ್ ಮಾಡಿ ಅರ್ಧ ಗಂಟೆ ಅಲ್ಲೇ ನಿಂತು ನೋಡಿ ತಗೊಳ್ಳಿ.

ಅಕ್ಕ ಈಗ ಅಂಥದ್ದೇ ಒಂದನ್ನು ನೋಡಿಟ್ಟಿದ್ದಾಳೆ. ಅದು ಬಂದರೆ ಈಗಿನದ್ದು ನನ್ನ ಹಾಸ್ಟೆಲ್ ರೂಮಿಗೆ. ನನ್ನ ಕೋಡ್‌ನಲ್ಲಿ ಎರರ್ ಯಾವ ಕೆಂಪಿನಲ್ಲಿ ಬಂದರೂ ಎರರ್ರೇ.